ಕೋಟೆಯೆಂಬ ರೂಪಕ

1967ರಲ್ಲಿ ಅಮೆರಿಕದಲ್ಲಿ ಆಟಿಸಂ ಬಗ್ಗೆ ಎರಡು ಪುಸ್ತಕಗಳು ಬಂದವು. ಒಂದನ್ನು ಬರೆದವನು ಬ್ರೂನೋ ಬೆಟಲ್‌ಹೈಮ್. ಷಿಕಾಗೋ ವಿಶ್ವವಿದ್ಯಾಲಯಕ್ಕೆ ಸೇರಿದ್ದ, ಮನಸ್ಸಿನ ತೊಂದರೆಯಿರುವ ಮಕ್ಕಳ ವಸತಿಶಾಲೆಯೊಂದನ್ನು 1944ರಿಂದ ನಡೆಸುತ್ತಿದ್ದವನು. ಆ ಕಾಲಕ್ಕೆ ಬಹು ದೊಡ್ಡ ಹೆಸರು. ಅವನ ಪುಸ್ತಕದ ಹೆಸರು 'ದಿ ಎಂಪ್ಟಿ ಫೋರ್ಟ್ರೆಸ್', ಎಂದರೆ ಬರಿದಾದ ಕೋಟೆ. ಇನ್ನೊಂದನ್ನು ಬರೆದವಳು ಕ್ಲಾರಾ ಕ್ಲೇಬೋರ್ನ್ ಪಾರ್ಕ್, ಸಾಹಿತ್ಯದ ಅಧ್ಯಾಪಕಿ, ನಾಲ್ಕು ಮಕ್ಕಳ ತಾಯಿ. ಅವಳ ಪುಸ್ತಕ 'ದಿ ಸೀಜ್', ಮುತ್ತಿಗೆ. ಆ ಕೋಟೆಯನ್ನು ಮಗು ಕಟ್ಟಿಕೊಳ್ಳುವಂತೆ ಮಾಡಿದವರು ತಂದೆತಾಯಿಗಳೇ, ಅದರಲ್ಲೂ ತಾಯಿಯೇ, ಎಂದು ಮೊದಲನೆಯವನು ವಾದಿಸಿದ. ಎರಡನೆಯವಳು ಕೋಟೆಯ ಹೊರಗೆ ಡೇರೆ ಹಾಕಿ ಕೂತ ತಾಯಿ. ತನ್ನ ಮಗಳ ಮೊದಲ ಎಂಟು ವರ್ಷಗಳ ಚರಿತ್ರೆಯನ್ನು ಹಾಗೇ ಬಿಚ್ಚಿಟ್ಟಳು. ಹೀಗೆ ಎದುರುಬದುರಾಗಿ ನಿಂತ ಈ ಎರಡು ಪುಸ್ತಕಗಳು ಒಂದು ವಿಷಯದಲ್ಲಿ ಮಾತ್ರ ಒಪ್ಪುತ್ತವೆ. ಕೋಟೆಯೊಂದು ಇದೆ ಎನ್ನುವುದರಲ್ಲಿ.

ನನ್ನ ತಕರಾರು ಇರುವುದು ಆ ಕೋಟೆಯ ಬಗ್ಗೆ.

ರೂಪಕಗಳು ಬರಿಯ ಅಲಂಕಾರವಲ್ಲ, ಅವು ನಮ್ಮ ಕೈಯಿಂದ ಕೆಲಸ ಮಾಡಿಸುತ್ತವೆ ಎಂದು ತರಗತಿಯಲ್ಲಿ ಪಾಠ ಹೇಳುವುದು ಸುಲಭ. ಮನೆಯಲ್ಲಿ ಅದು ನಡೆಯುವುದನ್ನು ನೋಡುವುದು ಬೇರೆ. ಕೋಟೆ ಎಂದ ಕೂಡಲೇ ಒಳಗೆ ಯಾರೋ ಇದ್ದಾರೆ ಎಂದಾಯಿತು. ಆ ಒಳಗಿನ ಮಗುವೇ ನಿಜವಾದ ಮಗು, ಕಣ್ಣಿಗೆ ಕಾಣುವುದು ಬರೀ ಗೋಡೆ ಎಂದಾಯಿತು. ಗೋಡೆಯಿದ್ದ ಮೇಲೆ ಅದನ್ನು ಒಡೆಯುವ ವೀರ ಬೇಕು, ಒಡೆದ ದಿನ ಬೇಕು. ಆಟಿಸಂ ಇರುವ ಮಕ್ಕಳ ಬಗ್ಗೆ ಆಮೇಲೆ ಬಂದ ಪುಸ್ತಕಗಳು, ಸಿನಿಮಾಗಳು ಹೆಚ್ಚಿನವು ಈ ಹಂದರದ ಮೇಲೆಯೇ ಹಬ್ಬಿವೆ. ನಮ್ಮ ಮನೆಯಲ್ಲಿ ಅಂಥ ಮಗನೊಬ್ಬನಿದ್ದಾನೆ. ಈಗ ಅವನಿಗೆ 22 ವರ್ಷ. ಇಷ್ಟು ವರ್ಷ ಅವನನ್ನೂ ಈ ಪುಸ್ತಕಗಳನ್ನೂ ಒಟ್ಟೊಟ್ಟಿಗೇ ಓದುತ್ತ ಬಂದವಳ ಮಾತು ಇದು. ವೈದ್ಯಶಾಸ್ತ್ರ ಬಲ್ಲವಳ ಮಾತಲ್ಲ.

ಕೋಟೆ ಮೊದಲು ಇರುವುದು ಹೆಸರಿನಲ್ಲೇ. 'ಆಟಿಸಂ' ಎಂಬ ಪದವನ್ನು 1910ರ ಸುಮಾರಿಗೆ ಟಂಕಿಸಿದವನು ಬ್ಲಾಯ್ಲರ್ ಎಂಬ ಸ್ವಿಸ್ ಮನೋವೈದ್ಯ. 'ತಾನು' ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದನ್ನು ಹುಟ್ಟಿಸಿದ. ಸ್ಕಿಝೋಫ್ರೇನಿಯಾ ರೋಗಿಗಳು ಹೊರಜಗತ್ತನ್ನು ಬಿಟ್ಟು ತಮ್ಮೊಳಗೆ ಸರಿದುಕೊಳ್ಳುವುದಕ್ಕೆ ಇಟ್ಟ ಹೆಸರು ಅದು. 1943ರಲ್ಲಿ ಬಾಲ್ಟಿಮೋರಿನ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು, ಎಂಟು ಹುಡುಗರು ಮೂವರು ಹುಡುಗಿಯರನ್ನು, ವಿವರಿಸಿ ಬರೆದಾಗ ಅದೇ ಪದವನ್ನು ಎರವಲು ತಂದ. ಕನ್ನಡಕ್ಕೆ ಬರುವಾಗ ಅದು 'ಸ್ವಲೀನತೆ' ಆಯಿತು. ಕೆಲವು ಪತ್ರಿಕೆಗಳಲ್ಲಿ 'ಸ್ವಮಗ್ನತೆ'. ಕನ್ನಡದಲ್ಲಿ 'ಲೀನ' ಎಂಬುದು ಸಾಮಾನ್ಯ ಪದವಲ್ಲ. ಅದು ಭಕ್ತಿಯ, ಅನುಭಾವದ ವಾಸನೆ ಅಂಟಿಸಿಕೊಂಡು ಬರುತ್ತದೆ. ಬೆಳಗಿನ ಏಳು ಗಂಟೆಗೆ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರಿಚುವ ಹುಡುಗ ತನ್ನಲ್ಲಿ ತಾನು ಲೀನನಾದವನಲ್ಲ. ಹೊರಗಿನ ಜಗತ್ತು ಅವನಿಗೆ ಕೇಳಿಸುತ್ತಿಲ್ಲ ಎಂಬುದಲ್ಲ ತೊಂದರೆ, ವಿಪರೀತ ಕೇಳಿಸುತ್ತಿದೆ ಎಂಬುದು. ಶಬ್ದ, ಬೆಳಕು, ಸ್ಪರ್ಶಗಳನ್ನು ಈ ಮಕ್ಕಳು ಗ್ರಹಿಸುವ ರೀತಿಯೇ ಬೇರೆ ಎನ್ನುವುದನ್ನು ರೋಗಲಕ್ಷಣಗಳನ್ನು ನಿರ್ಧರಿಸುವ ಅಮೆರಿಕದ ಅಧಿಕೃತ ಕೈಪಿಡಿ 2013ರ ಆವೃತ್ತಿಯಲ್ಲಿ ಸೇರಿಸಿಕೊಂಡಿತು. ಕನ್ನಡದ ಹೆಸರು ಮಾತ್ರ ಇನ್ನೂ ಧ್ಯಾನದಲ್ಲಿ ಕೂತಿದೆ. ನಾನು ಆಟಿಸಂ ಎಂದೇ ಬರೆಯುತ್ತೇನೆ. ಅರ್ಥವಾಗದ ಪದ ಸುಳ್ಳು ಅರ್ಥ ಕೊಡುವ ಪದಕ್ಕಿಂತ ವಾಸಿ.

ಬೆಟಲ್‌ಹೈಮ್‌ನ ಪುಸ್ತಕವನ್ನು ಇವತ್ತು ಓದುವುದು ಕಷ್ಟ. ಬರವಣಿಗೆ ಕೆಟ್ಟದ್ದೆಂದಲ್ಲ, ಬಹಳ ಚೆನ್ನಾಗಿದೆ. ತೊಂದರೆ ಇರುವುದೇ ಅಲ್ಲಿ. ಅವನು ವಿಯೆನ್ನಾದ ಯಹೂದಿ. 1938ರಲ್ಲಿ ನಾಜಿಗಳ ಕೈಗೆ ಸಿಕ್ಕಿ ಡಖಾವ್, ಬೂಖನ್‌ವಾಲ್ಡ್ ಶಿಬಿರಗಳಲ್ಲಿ ಇದ್ದುಬಂದವನು. ಅಲ್ಲಿ ಕೆಲವು ಕೈದಿಗಳು ಎಲ್ಲ ಆಸೆ ಕಳೆದುಕೊಂಡು ನಡೆದಾಡುವ ಹೆಣಗಳಾದದ್ದನ್ನು ಕಂಡಿದ್ದ. ಅದೇ ಚಿತ್ರವನ್ನು ತಂದು ಈ ಮಕ್ಕಳ ಮೇಲೆ ಹೊದಿಸಿದ. ಮಗು ಕೈದಿಯಾದರೆ ಮನೆ ಶಿಬಿರವಾಯಿತು. ಹಾಗಾದರೆ ಕಾವಲುಗಾರರು ಯಾರು? ಮಗು ಇರಬಾರದಿತ್ತು ಎಂಬ ತಂದೆತಾಯಿಯರ ಒಳಬಯಕೆಯೇ ಈ ಸ್ಥಿತಿಯನ್ನು ತರುತ್ತದೆ ಎಂದು ಅವನು ಬರೆದ. ಒಂದು ಹೋಲಿಕೆ ಎಲ್ಲಿಗೆ ತಂದು ನಿಲ್ಲಿಸಿತು ನೋಡಿ. ಅವನು ಪುರಾವೆ ಕೊಡಲಿಲ್ಲ. ಹೋಲಿಕೆಯ ಬಲವೇ ಪುರಾವೆಯಾಗಿ ನಡೆದುಬಿಟ್ಟಿತು.

ಪುರಾವೆಗಳು ಬಂದದ್ದು ಬೇರೆ ಕಡೆಯಿಂದ. ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞನೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ಸಾಕಿದ ರೀತಿಯಿಂದ ಬರುವುದಲ್ಲ, ಮಿದುಳಿಗೆ ಸಂಬಂಧಿಸಿದ್ದು ಎಂದು 1964ರಲ್ಲೇ ಪುಸ್ತಕ ಬರೆದಿದ್ದ. 1977ರಲ್ಲಿ ಇಂಗ್ಲೆಂಡಿನಲ್ಲಿ 21 ಜೋಡಿ ಅವಳಿ ಮಕ್ಕಳ ಅಧ್ಯಯನ ಅನುವಂಶೀಯತೆಯ ಕಡೆ ಬೆರಳು ತೋರಿಸಿತು. ತಂದೆತಾಯಿಯರ ತಣ್ಣನೆಯ ಸ್ವಭಾವದ ಬಗ್ಗೆ ಮೊದಲು ಬರೆದಿದ್ದ ಕ್ಯಾನರನೇ 1969ರಲ್ಲಿ ಪೋಷಕರ ಸಭೆಯೊಂದರಲ್ಲಿ ಎದ್ದುನಿಂತು ನಿಮ್ಮನ್ನು ದೋಷಮುಕ್ತರೆಂದು ಘೋಷಿಸುತ್ತೇನೆ ಎಂಬರ್ಥದ ಮಾತಾಡಿದ. ಬೆಟಲ್‌ಹೈಮ್ 1990ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನ ಶಾಲೆಯಲ್ಲಿ ಹೊಡೆತ ಬೈಗಳು ನಡೆಯುತ್ತಿದ್ದವೆಂದು ಅಲ್ಲಿ ಬೆಳೆದವರು ಆಮೇಲೆ ಬಾಯಿಬಿಟ್ಟರು.

ಅದೆಲ್ಲ ದೂರದೇಶದ ಹಳೆಯ ಕತೆ ಎನ್ನುವ ಹಾಗಿಲ್ಲ. ನಮ್ಮಲ್ಲಿ ಬೆಟಲ್‌ಹೈಮ್‌ನನ್ನು ಓದಿದವರು ಬೆರಳೆಣಿಕೆಯಷ್ಟು ಇರಬಹುದು. ಅವನ ಸಿದ್ಧಾಂತ ಮಾತ್ರ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿದೆ. ಬಸುರಿಯಲ್ಲಿ ಗ್ರಹಣ ನೋಡಿದಳಂತೆ. ಹೆತ್ತ ಮೂರೇ ತಿಂಗಳಿಗೆ ಕೆಲಸಕ್ಕೆ ಹೋದಳಂತೆ. ಮಗುವಿನ ಕೈಗೆ ಮೊಬೈಲ್ ಕೊಟ್ಟಳಂತೆ. ಹಿಂದೆ ಮೊಬೈಲ್ ಇದ್ದ ಜಾಗದಲ್ಲಿ ಟೀವಿ ಇತ್ತು, ಅದಕ್ಕೂ ಹಿಂದೆ ಪೂರ್ವಜನ್ಮದ ಕರ್ಮ ಇತ್ತು. ವಾಕ್ಯದ ಕರ್ತೃ ಮಾತ್ರ ಬದಲಾಗುವುದಿಲ್ಲ, ಯಾವಾಗಲೂ ಸ್ತ್ರೀಲಿಂಗ, ಏಕವಚನ.

ಇದಕ್ಕೆ ಎದುರಾಗಿ ಕ್ಲಾರಾ ಪಾರ್ಕ್‌ಳ ಪುಸ್ತಕವನ್ನು ಇಟ್ಟು ನೋಡಬೇಕು. 1958ರಲ್ಲಿ ಹುಟ್ಟಿದ ಅವಳ ನಾಲ್ಕನೆಯ ಮಗಳು, ಪುಸ್ತಕದಲ್ಲಿ ಎಲಿ ಎಂಬ ಹೆಸರು, ನೆಲದ ಮೇಲಿನ ಒಂದು ಚುಕ್ಕೆಯ ಸುತ್ತ ಅಂಬೆಗಾಲಿಟ್ಟು ಸುತ್ತುತ್ತ ತನ್ನಷ್ಟಕ್ಕೆ ನಗುತ್ತಿರುವ ಚಿತ್ರದಿಂದ ಪುಸ್ತಕ ಶುರುವಾಗುತ್ತದೆ. ಆ ಮಗು ಯಾರನ್ನೂ ನೋಡುವುದಿಲ್ಲ, ಏನನ್ನೂ ಕೇಳುವುದಿಲ್ಲ, ಏನೂ ಬೇಡ ಅದಕ್ಕೆ. ಅಂಥ ಸಂತೃಪ್ತಿಯ ವಿರುದ್ಧ ಮನೆಮಂದಿಯೆಲ್ಲ ಸೇರಿ ಮುತ್ತಿಗೆ ಹಾಕಬೇಕಾಯಿತು ಎನ್ನುತ್ತಾಳೆ ತಾಯಿ. ರೂಪಕ ಇಷ್ಟು ಹೊತ್ತಿಗೇ ಸ್ಥಾಪಿತವಾಯಿತು. ಇನ್ನೇನು ಏಣಿ ಹಾಕುವುದು, ಬಾಗಿಲು ಒಡೆಯುವುದು ಎಂದು ಓದುಗ ಕಾಯುತ್ತಾನೆ.

ಆಗುವುದೇ ಬೇರೆ. ಮಗುವಿಗೆ ನಲ್ಲಿ ತಿರುಗಿಸುವಷ್ಟು ಶಕ್ತಿ ಬೆರಳಲ್ಲಿದೆ, ತಿರುಗಿಸುವುದಿಲ್ಲ. ತಾಯಿ ತನ್ನ ಕೈಯನ್ನು ಅದರ ಕೈಯ ಮೇಲಿಟ್ಟು ತಿರುಗಿಸುತ್ತಾಳೆ. ದಿನ ಕಳೆದಂತೆ ತನ್ನ ಕೈಯ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾಳೆ. ಮಗುವಿಗೆ ಗೊತ್ತಾಗದಷ್ಟು ನಿಧಾನವಾಗಿ. ಮಗುವಿಗೆ ಮಾತು ಬಾರದು, ಆದರೆ ಹಾಡಿನ ಧಾಟಿಗಳು ಮಾತಿನ ಕೆಲಸ ಮಾಡತೊಡಗುತ್ತವೆ. ಒಂದು ವಸ್ತುವಿಗೆ ಒಂದು ಧಾಟಿ. ಮನೆಯವರು ಆ ಧಾಟಿಗಳ ಅರ್ಥ ಕಲಿಯುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಕಲಿಯುತ್ತಿರುವವರು ಯಾರು ಎಂಬುದು. ಮುತ್ತಿಗೆ ಹಾಕಿದ ಸೈನ್ಯ ಕೋಟೆಯೊಳಗಿನವರ ಭಾಷೆಯನ್ನು ಅಭ್ಯಾಸ ಮಾಡುತ್ತ ಕೂತಿದೆ! ಪುಸ್ತಕದ ಹೆಸರಿಗೂ ಪುಸ್ತಕದ ಒಳಗೆ ನಡೆಯುವುದಕ್ಕೂ ಸಂಬಂಧವೇ ಇಲ್ಲ ಎನ್ನಿಸಲು ಶುರುವಾಗುವುದು ಇಲ್ಲಿಂದ. ಎಲ್ಲಿಯೂ ಬಾಗಿಲು ಒಡೆಯುವುದಿಲ್ಲ. ಒಡೆಯಲು ಬಾಗಿಲೇ ಇಲ್ಲ. ನಲ್ಲಿ ಇದೆ, ದೀಪದ ಗುಂಡಿ ಇದೆ, ಚೂರುಪಾರು ಬಣ್ಣದ ಕಾಗದಗಳಿವೆ; ಇವತ್ತು ಬಂದ ಶಬ್ದ ಮುಂದಿನ ವಾರ ಇಲ್ಲ, ಆರು ತಿಂಗಳ ಮೇಲೆ ಮತ್ತೆ ಬಂತು.

ಒಳ್ಳೆಯ ಬರಹಗಾರರಲ್ಲಿ ಹೀಗೆ ಆಗುವುದುಂಟು. ಅವರು ಹಿಡಿದ ರೂಪಕವನ್ನು ಅವರ ಕಣ್ಣೇ ಸೋಲಿಸುತ್ತದೆ. ಕ್ಲಾರಾ ಕಂಡದ್ದನ್ನು ಕಂಡ ಹಾಗೆ ಬರೆದಳು. ಎಷ್ಟು ಸಲ, ಎಷ್ಟು ಹೊತ್ತು, ಯಾವ ಬಣ್ಣ ಎಂದು ಲೆಕ್ಕವಿಟ್ಟಳು. ಅವಳ ಪುಸ್ತಕ ನಮ್ಮ ಕೆಲಸಕ್ಕೆ ಬರುವುದು ಈ ಲೆಕ್ಕದಿಂದ, ಕೋಟೆಯಿಂದಲ್ಲ. ತಜ್ಞರ ಬಗ್ಗೆ ಒಂದು ಅಧ್ಯಾಯವೂ ಹವ್ಯಾಸಿಗಳ ಬಗ್ಗೆ ಇನ್ನೊಂದು ಅಧ್ಯಾಯವೂ ಅದರಲ್ಲಿವೆ. ಯಾವ ಪದವಿಯೂ ಇಲ್ಲದೆ ಮನೆಗೆ ಬಂದು ಮಗುವಿನ ಜೊತೆ ನೆಲದ ಮೇಲೆ ಕೂತವರ ಪರವಾಗಿ ಆ ಕಾಲದಲ್ಲಿ ಹಾಗೆ ಬರೆಯಲು ಧೈರ್ಯ ಬೇಕಿತ್ತು. ಒಂದು ಮಾತು ಹೇಳಲೇಬೇಕು. ಅದು ಕಾಲೇಜು ಊರಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನ ದೊಡ್ಡ ಮನೆ, ಮಗುವಿಗೆ ಅಕ್ಕಂದಿರು, ಅಣ್ಣ, ಬಂದುಹೋಗುವ ಸಹಾಯಕರು. ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ, ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗಬೇಕಾದಲ್ಲಿ, ಈ ಮುತ್ತಿಗೆಗೆ ಬೇಕಾದ ಸಮಯವನ್ನು ಎಲ್ಲಿಂದ ತರುವುದು? ಅಮೆರಿಕದ ಪೋಷಕರ ಪುಸ್ತಕಗಳಲ್ಲಿ ಹಣದ ಲೆಕ್ಕ ಬರುತ್ತದೆ. ಸಮಯದ ಲೆಕ್ಕ ಬರುವುದು ಕಡಿಮೆ.

ಸಿನಿಮಾಗಳ ವಿಷಯ ಬೇಗ ಮುಗಿಸಬಹುದು. 1988ರ 'ರೇನ್ ಮ್ಯಾನ್' ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್ ನೆಲಕ್ಕೆ ಬಿದ್ದ ಹಲ್ಲುಕಡ್ಡಿಗಳನ್ನು ಒಂದೇ ನೋಟಕ್ಕೆ ಎಣಿಸಿ ಆಸ್ಕರ್ ಪಡೆದ. ಆ ಪಾತ್ರಕ್ಕೆ ಮುಖ್ಯ ಪ್ರೇರಣೆಯಾಗಿದ್ದ ಕಿಮ್ ಪೀಕ್ ಎಂಬಾತನಿಗೆ ಆಟಿಸಂ ಇರಲೇ ಇಲ್ಲ ಎಂದು ತಿಳಿದವರು ಆಮೇಲೆ ಹೇಳಿದರು. ಅವನದು ಬೇರೆಯದೇ ಮಿದುಳಿನ ಸ್ಥಿತಿ. ಆದರೆ ಹಲ್ಲುಕಡ್ಡಿ ಉಳಿಯಿತು. ಮದುವೆಮನೆಯಲ್ಲಿ ಪಂಕ್ತಿಗೆ ಕೂತಾಗ ಪಕ್ಕದವರು ಬಗ್ಗಿ ಕೇಳುತ್ತಾರೆ: "ಇಂಥ ಮಕ್ಕಳಿಗೆ ಏನೋ ಒಂದು ವಿಶೇಷ ಶಕ್ತಿ ಇರುತ್ತಂತಲ್ಲ ಮೇಡಂ, ಇವನಿಗೆ ಏನಿದೆ?" ಇವನಿಗೆ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುವುದು ಗೊತ್ತಿದೆ. ಅದು ನಿಲ್ಲುವ ಮುಂಚಿನ ಗಡಗಡ ಸದ್ದು ಗೊತ್ತಿದೆ. ಕೇಳಿದವರಿಗೆ ನಿರಾಸೆಯಾಗುತ್ತದೆ. ಕೋಟೆಯೊಳಗೆ ನಿಧಿ ಇರಬೇಕೆಂಬುದು ಸಿನಿಮಾ ನೋಡಿದವರ ನಿರೀಕ್ಷೆ. ಹಿಂದಿಯಲ್ಲಿ 2010ರ 'ಮೈ ನೇಮ್ ಈಸ್ ಖಾನ್', 2012ರ 'ಬರ್ಫಿ' ಬಂದವು. ನಟರು ಶ್ರದ್ಧೆಯಿಂದ ದುಡಿದಿದ್ದಾರೆ, ಸುಳ್ಳಲ್ಲ. ಆದರೆ ಅಲ್ಲಿ ಆಟಿಸಂ ಎಂದರೆ ಕೊನೆಗೂ ಒಂದು ಬಗೆಯ ಮುಗ್ಧತೆ, ಉಳಿದವರ ಕಪಟವನ್ನು ತೋರಿಸಲು ಹಿಡಿದ ಕನ್ನಡಿ. ನಮ್ಮಲ್ಲಿ 'ದೇವರ ಮಕ್ಕಳು' ಎನ್ನುತ್ತಾರಲ್ಲ, ಅದರ ಚಿತ್ರರೂಪ. ದೇವರ ಮಕ್ಕಳಿಗೆ ಬಾಡಿಗೆ ಮನೆ ಕೊಡುವವರು ಕಡಿಮೆ.

ಕರ್ನಾಟಕಕ್ಕೆ ಹತ್ತಿರದ ಒಂದು ಉದಾಹರಣೆಗೆ ಬರುತ್ತೇನೆ. ಟೀಟೋ ರಾಜರ್ಷಿ ಮುಖೋಪಾಧ್ಯಾಯ ಬಂಗಾಳಿ ಹುಡುಗ. ಬಾಲ್ಯ ಕಳೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ಮಾತು ಇಲ್ಲವೆನ್ನುವಷ್ಟು ಕಡಿಮೆ. ತಾಯಿ ಸೋಮಾ ಅವನ ಕೈಗೆ ಪೆನ್ಸಿಲ್ ಕಟ್ಟಿ ಬರೆಯಲು ಕಲಿಸಿದರು. ಎಂಟರಿಂದ ಹನ್ನೊಂದನೆಯ ವಯಸ್ಸಿನಲ್ಲಿ ಅವನು ಬರೆದದ್ದು 'ಬಿಯಾಂಡ್ ದಿ ಸೈಲೆನ್ಸ್' ಎಂಬ ಹೆಸರಿನಲ್ಲಿ 2000ದಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಆ ಪುಸ್ತಕ ಕೈಗೆ ಬಂದವರೆಲ್ಲ ಕೇಳಿದ್ದು ಒಂದೇ: ಇದನ್ನು ಅವನೇ ಬರೆದನೇ? ಇದು ನ್ಯಾಯವಾದ ಪ್ರಶ್ನೆಯೇ. ಆದರೆ ಅದೊಂದೇ ಪ್ರಶ್ನೆಯಾಗಿ ಉಳಿದದ್ದರಿಂದ ಪುಸ್ತಕವನ್ನು ಪುಸ್ತಕವಾಗಿ ಓದಿದವರು ಕಡಿಮೆಯಾದರು. ಒಂದೋ ಪವಾಡ, ಇಲ್ಲವೋ ಮೋಸ. ನಡುವೆ ಓದು ಎಂಬುದಕ್ಕೆ ಜಾಗವಿರಲಿಲ್ಲ.

ಆಮೇಲೆ ಸೋಮಾ ಅವರ ವಿಧಾನ ಅಮೆರಿಕಕ್ಕೆ ಹೋಯಿತು, ಅಲ್ಲಿ ಹೆಸರು ಪಡೆಯಿತು. ಒಬ್ಬರು ಅಕ್ಷರಗಳ ಹಲಗೆ ಹಿಡಿಯುತ್ತಾರೆ, ಮಗು ಅಕ್ಷರಗಳನ್ನು ಮುಟ್ಟುತ್ತದೆ, ವಾಕ್ಯವಾಗುತ್ತದೆ. 2018ರಲ್ಲಿ ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ, ಹೀಗೆ ಮೂಡುವ ಮಾತು ಮಗುವಿನದೇ ಎನ್ನುವುದಕ್ಕೆ ಆಧಾರವಿಲ್ಲ, ಈ ವಿಧಾನವನ್ನು ಬಳಸಬೇಡಿ ಎಂದು ಹೇಳಿಕೆ ಕೊಟ್ಟಿತು. ಇದಕ್ಕೊಂದು ಹಿನ್ನೆಲೆಯಿದೆ. 1990ರ ದಶಕದ ಮೊದಲಲ್ಲಿ ಮಗುವಿನ ಕೈ ಹಿಡಿದು ಟೈಪ್ ಮಾಡಿಸುವ ಇನ್ನೊಂದು ವಿಧಾನ ಅಲ್ಲಿ ಹಬ್ಬಿತ್ತು. ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಬೇರೊಂದು ಚಿತ್ರ ತೋರಿಸಿ ಪರೀಕ್ಷೆ ಮಾಡಿದಾಗ ಟೈಪಾದದ್ದು ಕೈ ಹಿಡಿದವರು ಕಂಡ ಚಿತ್ರದ ಹೆಸರು. ಅವರು ಯಾರೂ ಮೋಸಗಾರರಲ್ಲ. ಬರೆಯುತ್ತಿರುವುದು ತಾವೇ ಎಂದು ಅವರಿಗೇ ತಿಳಿದಿರಲಿಲ್ಲ. ಟೀಟೋನ ವಿಷಯದಲ್ಲಿ ತೀರ್ಪು ಕೊಡುವ ಕೆಲಸ ನನ್ನದಲ್ಲ. ಮುಂದೆ ಅವನು ಹಲವು ಪುಸ್ತಕಗಳನ್ನು ಪ್ರಕಟಿಸಿದ್ದಾನೆ. ನಾನು ಕೇಳುವುದು ಹಲಗೆ ಹಿಡಿದ ಉಳಿದ ಸಾವಿರ ಕೈಗಳ ಬಗ್ಗೆ. ಆ ಕೈಗಳನ್ನು ಅಲ್ಲಿಗೆ ತಂದದ್ದು ಯಾವುದು?

ಕೋಟೆಯೇ ತಂದದ್ದು. ಒಳಗೊಬ್ಬ ಇದ್ದಾನೆ, ಅವನು ನಮ್ಮ ಹಾಗೆಯೇ ಇದ್ದಾನೆ, ನಮ್ಮದೇ ವಾಕ್ಯಗಳಲ್ಲಿ ಯೋಚಿಸುತ್ತಿದ್ದಾನೆ, ಒಂದು ಕಿಂಡಿ ಸಿಕ್ಕರೆ 'ಅಮ್ಮಾ, ನನಗೆ ಎಲ್ಲ ಅರ್ಥವಾಗುತ್ತಿತ್ತು' ಎನ್ನುತ್ತಾನೆ. ಈ ಒಂದು ಸಾಲಿಗಾಗಿ ತಾಯಂದಿರು ಏನು ಬೇಕಾದರೂ ಮಾಡುತ್ತಾರೆ, ಮಾರಬಹುದಾದದ್ದನ್ನೆಲ್ಲ ಮಾರುತ್ತಾರೆ. ಆ ಆಸೆಯನ್ನು ಹಂಗಿಸುವ ಮನಸ್ಸು ನನಗಿಲ್ಲ. ಆದರೆ ಆ ಸಾಲಿಗೆ ಕಾಯುವ ಹೊತ್ತಿನಲ್ಲಿ ಎದುರಿಗೆ ಕೂತವನು ಆಡುತ್ತಿರುವ ಮಾತು ಕೇಳದೇ ಹೋಗುತ್ತದೆ. ಆಟಿಸಂ ಇರುವ ಜಿಮ್ ಸಿಂಕ್ಲೇರ್ 1993ರಲ್ಲಿ ಪೋಷಕರಿಗೆ ಹೇಳಿದ್ದು ಇದನ್ನೇ: ಆಟಿಸಂ ಒಂದು ಚಿಪ್ಪಲ್ಲ, ಒಳಗೆ ಬೇರೆ ಮಗು ಅಡಗಿ ಕೂತಿಲ್ಲ, ಹುಟ್ಟದೇ ಇದ್ದ ಮಗುವಿಗಾಗಿ ಅಳುವುದಾದರೆ ನಮ್ಮೆದುರು ಅಳಬೇಡಿ. ಪೋಷಕರಿಗೆ ಆ ಮಾತು ಕಹಿಯಾಗಿಯೇ ಕೇಳಿಸುತ್ತದೆ. ಸಿಂಕ್ಲೇರ್ ತಾನೇ ಭಾಷಣ ಮಾಡಬಲ್ಲವರು, ಮಲಗುವ ಮುನ್ನ ಡಯಾಪರ್ ಕಟ್ಟಿಸಿಕೊಳ್ಳುವ ಹದಿನೈದರ ಹುಡುಗನ ಪರವಾಗಿ ಅವರು ಹೇಗೆ ಮಾತಾಡುತ್ತಾರೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೂ ಚಿಪ್ಪಿನ ಬಗ್ಗೆ ಅವರು ಹೇಳಿದ್ದು ಸರಿ.

ಎದುರಿಗೆ ಕೂತವನ ಮಾತು ಎಂದೆ. ಅದಕ್ಕೆ ಕನ್ನಡದ ಉದಾಹರಣೆಯನ್ನೇ ಕೊಡುತ್ತೇನೆ, ಏಕೆಂದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಈ ಮಕ್ಕಳು 'ನಾನು' ಎನ್ನುವಲ್ಲಿ 'ನೀನು' ಎನ್ನುತ್ತಾರೆ, ಕೇಳಿದ ಮಾತನ್ನು ಹಾಗೇ ಹಿಂತಿರುಗಿಸುತ್ತಾರೆ ಎಂದು ಕ್ಯಾನರ್ 1943ರಲ್ಲೇ ಗುರುತಿಸಿದ್ದ. ನಮ್ಮ ಭಾಷೆಯಲ್ಲಿ 'ನಾನು', 'ನೀನು' ಬಿಟ್ಟೇ ಮಾತಾಡಬಹುದು. ಪುರುಷವಾಚಕವನ್ನು ಕ್ರಿಯಾಪದದ ಬಾಲವೇ ಹೊತ್ತಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಅದು ಹೀಗೆ ಬಂತು: "ನೀರು ಬೇಕಾ?" ಎಂದರೆ ನನಗೆ ನೀರು ಬೇಕು. "ಪೇಟೆಗೆ ಹೋಗ್ತೀಯಾ?" ಎಂದರೆ ಹೋಗೋಣ. "ಸಾಕಾ?" ಎಂದರೆ ಸಾಕು. ಪ್ರಶ್ನೆಯ ರಾಗವೂ ಸೇರಿ ಇಡೀ ವಾಕ್ಯ ಅವನಿಗೆ ಒಂದೇ ಪದ. ಗೊತ್ತಿಲ್ಲದವರು "ನಂಗೆ ಬೇಡಪ್ಪ, ನೀನೇ ಕುಡಿ" ಎಂದು ನಗುತ್ತಾರೆ, ಅವನಿಗೆ ನೀರು ಸಿಗುವುದಿಲ್ಲ, ಅವನು ಕೈ ಕಚ್ಚಿಕೊಳ್ಳುತ್ತಾನೆ. ನೋಡಿದವರು 'ಹಟ' ಎನ್ನುತ್ತಾರೆ. ಇಲ್ಲಿ ಗೋಡೆ ಎಲ್ಲಿದೆ? ಅವನು ಕೇಳಿದ್ದಾನೆ, ನಾವು ಉತ್ತರ ಕೊಟ್ಟಿದ್ದೇವೆ. ವ್ಯಾಕರಣ ಗೊತ್ತಿಲ್ಲದವರು ನಾವು.

ಈ ಕನ್ನಡವನ್ನೂ ಬಿಡಿಸಲು ನೋಡಿದರು. ಚಿಕಿತ್ಸಾಲಯವೊಂದರಲ್ಲಿ ಎಳೆಯ ಹುಡುಗಿಯೊಬ್ಬಳು, ತರಬೇತಿ ಪಡೆದವಳೇ, "ಎರಡು ಭಾಷೆ ಆದ್ರೆ ಮಗುವಿಗೆ ಕನ್‌ಫ್ಯೂಸ್ ಆಗುತ್ತೆ, ಮನೇಲಿ ಇಂಗ್ಲಿಷ್ ಒಂದೇ ಮಾತಾಡಿ" ಎಂದಳು. ಕರ್ನಾಟಕದ ಎಷ್ಟೋ ಮನೆಗಳಿಗೆ ಈ ಸಲಹೆ ಹೋಗಿದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎನ್ನುವುದಕ್ಕೆ ಈಚಿನ ಎರಡು ದಶಕಗಳ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಆದರೆ ಸಲಹೆ ಪಾಲಿಸಿದ ಮನೆಗಳಲ್ಲಿ ಏನಾಗುತ್ತದೆ ಎಂದು ನೋಡಿದ್ದೇನೆ. ಅಪ್ಪ ಅಮ್ಮ ತಮಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿ 'ಕಮ್', 'ಸಿಟ್', 'ಈಟ್' ಎನ್ನುತ್ತಾರೆ. ಇಂಗ್ಲಿಷ್ ಬಾರದ ಅಜ್ಜಿ, ದಿನಕ್ಕೆ ಹತ್ತು ಗಂಟೆ ಮಗುವಿನ ಜೊತೆ ಇರುವವಳು ಅವಳೇ, ಮೊಮ್ಮಗನ ಎದುರು ಮೂಕಿಯಾಗಿ ಕೂರುತ್ತಾಳೆ. ಮಾತು ಬಾರದ ಮಗುವಿಗೆ ಚಿಕಿತ್ಸೆ ಕೊಡಲು ಹೋಗಿ ಮಾತು ಬರುವ ಮುದುಕಿಯ ಬಾಯಿ ಕಟ್ಟಿದಂತಾಯಿತು.

ಕೋಟೆ ಬೇಡವೆಂದರೆ ಬೇರೆ ಯಾವ ರೂಪಕ? ಕನ್ನಡದಲ್ಲಿ ಆಟಿಸಂ ಬಗ್ಗೆ ಬರೆಯುವವರು ಇಂಗ್ಲಿಷಿನ ಪೋಷಕ ಸಾಹಿತ್ಯವನ್ನೇ ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಮನೆಯಲ್ಲೇ ಒಂದು ಮಾದರಿ ಇದೆ ಎಂದು ನನಗನ್ನಿಸುತ್ತದೆ. ತ್ರಿವೇಣಿಯವರ 'ಶರಪಂಜರ'. ಪುಟ್ಟಣ್ಣ ಕಣಗಾಲರು 1971ರಲ್ಲಿ ಚಿತ್ರ ಮಾಡಿದ್ದರಿಂದ ಎಲ್ಲರಿಗೂ ಕತೆ ಗೊತ್ತು. ಗೊತ್ತಿರುವುದು ಕಲ್ಪನಾ ಅವರ ಅಭಿನಯ ಎಂದರೂ ಸರಿ. ಅದು ಆಟಿಸಂ ಕತೆಯಲ್ಲ. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿಯ ಕತೆ. ನನಗೆ ಮುಖ್ಯವಾದದ್ದು ಅದರ ಕಟ್ಟಡ. ಕಾವೇರಿಗೆ ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ. ಬೇರೆ ಕಾದಂಬರಿಕಾರರಾಗಿದ್ದರೆ ಅಲ್ಲಿಗೆ ಮುಗಿಸಿ ಆರತಿ ಎತ್ತಿಸುತ್ತಿದ್ದರು. ತ್ರಿವೇಣಿಯವರ ಕತೆಯ ನಿಜವಾದ ನೋವು ಅಲ್ಲಿಂದ ಮೇಲಿನದು. ಅವಳು ವಾಸಿಯಾಗಿ ಮನೆಗೆ ಬರುತ್ತಾಳೆ, ಆದರೆ ಗಂಡ, ನೆರೆಹೊರೆ ಎಲ್ಲರೂ ಅವಳನ್ನು ಹುಚ್ಚಿಯಾಗಿಯೇ ನೋಡುತ್ತಾರೆ. ಅವಳು ಆಡಿದ ಸಾಮಾನ್ಯ ಮಾತೂ ಲಕ್ಷಣವಾಗುತ್ತದೆ.

ಹೆಸರನ್ನು ಗಮನಿಸಬೇಕು. ಶರಪಂಜರವೂ ಒಂದು ಸೆರೆಯೇ, ಆದರೆ ಒಳಗಿರುವವಳು ಕಟ್ಟಿಕೊಂಡದ್ದಲ್ಲ. ಹೊರಗೆ ನಿಂತವರು ಬಿಟ್ಟ ಬಾಣಗಳು ಒಂದೊಂದಾಗಿ ನಾಟಿ ಪಂಜರವಾದದ್ದು. ಬೆಟಲ್‌ಹೈಮ್‌ನ ಕೋಟೆಯ ಗೋಡೆ ಮಗುವಿನೊಳಗಿದೆ, ಅದಕ್ಕೆ ಕಾರಣ ತಾಯಿ. ತ್ರಿವೇಣಿಯವರಲ್ಲಿ ಗೋಡೆಯೇ ನಾವು, ನೀವು, ಪಕ್ಕದ ಮನೆಯವರು. ಮನೋವೈದ್ಯಕೀಯ ಪುಸ್ತಕಗಳು ತಾಯಿಯನ್ನು ಕಟಕಟೆಗೆ ಹತ್ತಿಸುತ್ತಿದ್ದ ಅದೇ ದಶಕದಲ್ಲಿ ಮೈಸೂರಿನ ಒಬ್ಬ ಲೇಖಕಿ ಬಾಣ ಎಲ್ಲಿಂದ ಬರುತ್ತದೆ ಎಂದು ನೋಡಿದ್ದರು. ಅವರನ್ನು ಜನಪ್ರಿಯ ಕಾದಂಬರಿಕಾರ್ತಿ ಎಂದು ಬದಿಗಿಟ್ಟ ವಿಮರ್ಶೆ ಈ ಒಂದು ರೂಪಕವನ್ನಾದರೂ ತೂಗಿ ನೋಡಬಹುದಿತ್ತು.

ನಮ್ಮ ಬಾಣಗಳಲ್ಲಿ ಕೆಲವು ಸರ್ಕಾರಿ ಕಾಗದದ ಮೇಲಿನವು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು, ಅದರಲ್ಲಿ ಆಟಿಸಂ ಇರಲಿಲ್ಲ. ಪ್ರಮಾಣಪತ್ರ ಬೇಕಾದವರು 'ಬುದ್ಧಿಮಾಂದ್ಯ' ಎಂದು ಬರೆಸಿಕೊಂಡು ಬರುತ್ತಿದ್ದರು, ಮಗು ಅದಾಗಿದ್ದರೂ ಆಗಿರದಿದ್ದರೂ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಆಟಿಸಂ ಹೆಸರು ಬಂತು. ಪ್ರಮಾಣಪತ್ರಕ್ಕೆ ಆಧಾರವಾಗುವ ಪಟ್ಟಿಗೆ, 21 ವೈಕಲ್ಯಗಳಲ್ಲಿ ಒಂದಾಗಿ, ಬಂದದ್ದು 2016ರ ಕಾಯ್ದೆಯಲ್ಲಿ. ಹೆಸರಿಗಾಗಿ ಇಪ್ಪತ್ತು ವರ್ಷ.

ಕ್ಲಾರಾ ಪಾರ್ಕ್ 2001ರಲ್ಲಿ ಎರಡನೆಯ ಪುಸ್ತಕ ಬರೆದಳು: 'ಎಕ್ಸಿಟಿಂಗ್ ನಿರ್ವಾಣ'. ಹೆಸರಿನಲ್ಲಿ ಕೋಟೆ ಹೋಗಿ ನಿರ್ವಾಣ ಬಂದಿದೆ. ನಮ್ಮ ಕಡೆಯವರಿಗೆ ಅದೂ ಅಷ್ಟು ಹಿತವಾಗುವುದಿಲ್ಲ, ಬುದ್ಧನಿಗೆ ಇದರಲ್ಲಿ ಕೆಲಸವಿಲ್ಲ. ಪುಸ್ತಕ ಮಾತ್ರ ಮೊದಲನೆಯದಕ್ಕಿಂತ ದೊಡ್ಡದು. ಎಲಿ ಈಗ ತನ್ನ ನಿಜವಾದ ಹೆಸರಿನಲ್ಲಿ, ಜೆಸಿಯಾಗಿ, ಬರುತ್ತಾಳೆ. ನಲವತ್ತು ದಾಟಿದ್ದಾಳೆ. ಕಾಲೇಜಿನ ಅಂಚೆ ಕೋಣೆಯಲ್ಲಿ ಕೆಲಸ, ಕಾಗದಗಳನ್ನು ವಿಂಗಡಿಸುತ್ತಾಳೆ. ಕಟ್ಟಡಗಳನ್ನು, ವಿದ್ಯುತ್ ಹೀಟರುಗಳನ್ನು ಯಾರೂ ಕಾಣದ ಬಣ್ಣಗಳಲ್ಲಿ, ಹಿಂದೆ ನಕ್ಷತ್ರಗಳನ್ನಿಟ್ಟು ಚಿತ್ರ ಬರೆಯುತ್ತಾಳೆ. ಅವು ಮಾರಾಟವಾಗುತ್ತವೆ. ತಂದೆತಾಯಿಯರ ಮನೆಯಲ್ಲೇ ಇದ್ದಾಳೆ. ಅವಳ ಆಟಿಸಂ ಎಲ್ಲಿಗೂ ಹೋಗಿಲ್ಲ. ಮುತ್ತಿಗೆ ಗೆದ್ದಿತೋ ಸೋತಿತೋ ಎಂದು ಕೇಳಿದರೆ ಪ್ರಶ್ನೆಗೇ ಅರ್ಥವಿಲ್ಲದಂಥ ಜಾಗಕ್ಕೆ ತಾಯಿ ಬಂದು ನಿಂತಿದ್ದಾಳೆ. ಮಗಳು ಆಡಿದ ಮಾತುಗಳನ್ನು ಅವಳ ವ್ಯಾಕರಣದಲ್ಲೇ, ತಿದ್ದದೆ, ಪುಟಗಟ್ಟಲೆ ಬರೆದಿಟ್ಟಿದ್ದಾಳೆ. ಕ್ಲಾರಾ 2010ರಲ್ಲಿ ತೀರಿಕೊಂಡಳು.

ತೀರಿಕೊಳ್ಳುವುದರ ಬಗ್ಗೆ ಈ ಪುಸ್ತಕಗಳು ಮೆಲ್ಲಗೆ ಮಾತಾಡುತ್ತವೆ. ನಮ್ಮ ಮನೆಗಳಲ್ಲಿ ಅದೊಂದೇ ಮಾತು. ನಮ್ಮ ಕಾಲದ ನಂತರ ಯಾರು? 1999ರ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದವರಿಗೆ ಪಾಲಕರನ್ನು ನೇಮಿಸಲು ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು; ಜಿಲ್ಲಾಧಿಕಾರಿಗಳು ಆ ಸಮಿತಿಯಲ್ಲಿರುತ್ತಾರೆ. ಅರ್ಜಿಯಲ್ಲಿ ಹೆಸರು, ವಯಸ್ಸು, ವೈಕಲ್ಯದ ಬಗೆ ಇವಕ್ಕೆಲ್ಲ ಜಾಗವಿದೆ. 'ನೀರು ಬೇಕಾ' ಎಂದರೆ ಏನರ್ಥ ಎಂದು ಬರೆಯಲು ಜಾಗವಿಲ್ಲ.

ಅದಕ್ಕೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಮುಂದೆ ಅವನ ಜೊತೆ ಇರುವವರು, ಅವರು ಯಾರೆಂದು ಗೊತ್ತಿಲ್ಲ, ಓದಲಿ ಎಂದು. ಅದರಲ್ಲಿ ರೂಪಕಗಳಿಲ್ಲ. ಮಿಕ್ಸಿ ಹಾಕುವ ಮೊದಲು ಹೇಳಿ, ಒಂದು ಎರಡು ಮೂರು ಎಣಿಸಿ ಆಮೇಲೆ ಹಾಕಿ. ಕ್ಷೌರಕ್ಕೆ ಮಂಗಳವಾರ ಕರೆದುಕೊಂಡು ಹೋಗಿ, ಅಂಗಡಿಗೆ ರಜೆ, ಆದರೆ ಅವರು ಇವನೊಬ್ಬನಿಗೆ ಹಿಂದಿನ ಬಾಗಿಲು ತೆರೆಯುತ್ತಾರೆ. ಹೊಸ ಅಂಗಿಯ ಕುತ್ತಿಗೆಯ ಚೀಟಿ ಕತ್ತರಿಸಿ. ವಾಲಗ ಶುರುವಾದರೆ ಊಟ ಆಗಿರದಿದ್ದರೂ ಎದ್ದು ಬನ್ನಿ. "ಸಾಕಾ?" ಎಂದರೆ ಸಾಕು. ಮುಚ್ಚಳ ತಿರುಗಿಸುವಾಗ ಪಕ್ಕದಲ್ಲಿ ಕೂರಬಹುದು, ಬೇಡ ಎನ್ನುವುದಿಲ್ಲ. ಅದು ನಿಂತ ಮೇಲೆ ಅವನು ನಿಮ್ಮ ಕೈ ಹಿಡಿದು ಮುಚ್ಚಳದ ಮೇಲೆ ಇಟ್ಟರೆ, ಇನ್ನೊಮ್ಮೆ ತಿರುಗಿಸಿ ಎಂದರ್ಥ.